ಹುರುಳಿಕಾಳಿನ ಜಾಕೀಟು

ಕಳೆದ ಮಂಗಳವಾರ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿದ್ದೆ. ಮಲಗಿದ್ದೆ ಅನ್ನುವುದು ಸೌಜನ್ಯದ ಮಾತು. ಬೆನ್ನು ಮಾತ್ರ ಮಲಗಿತ್ತು, ಬಲಗಾಲು ಎಂದಿನಂತೆ ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು. ಎಕ್ಸ್‌ರೇ ತೆಗೆಯಲು ಬಂದ ಹುಡುಗಿ ಎರಡು ಸಲ "ಆರ್ ಯು ಓಕೆ, ಸರ್?" ಎಂದಳು. ಎರಡು ಸಲವೂ ಓಕೆ ಎಂದೆ. ಕಾಲು ನನ್ನ ಮಾತನ್ನು ನಂಬಲಿಲ್ಲ. ಆಮೇಲೆ ಅವಳು ಗೋಡೆಯ ಕೊಕ್ಕೆಯಿಂದ ಕಿರಣ ತಡೆಯುವ ಸೀಸದ ಹೊದಿಕೆಯೊಂದನ್ನು ತೆಗೆದು ನನ್ನ ಎದೆಯಿಂದ ತೊಡೆಯವರೆಗೆ ಹಾಸಿದಳು. ಈಗೀಗ ಅದನ್ನು ಬಹಳ ಕಡೆ ಬಿಟ್ಟುಬಿಟ್ಟಿದ್ದಾರಂತೆ. ನಮ್ಮ ಡಾಕ್ಟರು ನನ್ನ ಹಾಗೆಯೇ ಹಳೇ ಕಾಲದವರು, ಬಿಟ್ಟಿಲ್ಲ. ಏನು ಭಾರ ಅಂತೀರಿ! ಯಾರೋ ಬಲವಾದ ಹೆಂಗಸು ಎರಡೂ ಕೈಯೂರಿ "ಸುಮ್ಮನಿರು" ಎಂದ ಹಾಗಿತ್ತು.

ಕಾಲು ನಿಂತಿತು. ನಿಂತದ್ದು ನನಗೆ ಕೊಂಚ ತಡವಾಗಿ ಗೊತ್ತಾಯಿತು. ಫ್ಯಾನು ನಿಂತ ಮೇಲೆ ತಾನೇ ಅಷ್ಟು ಹೊತ್ತು ಅದು ಸದ್ದು ಮಾಡುತ್ತಿತ್ತೆಂದು ತಿಳಿಯುವುದು. ಹುಡುಗಿ ಚಿತ್ರ ತೆಗೆದುಕೊಂಡು ಹೊದಿಕೆಗೆ ಕೈ ಹಾಕಿದಳು. "ಇನ್ನೊಂದು ನಿಮಿಷ ಇರಲಿ" ಎಂದೆ. ಎಪ್ಪತ್ತು ದಾಟಿದ ಮುದುಕ ಯಾಕೆ ಹೀಗೆ ಕೇಳುತ್ತಾನೆಂದು ಅವಳಿಗೆ ಅರ್ಥವಾಗಲಿಲ್ಲ, ಆದರೂ ಬಿಟ್ಟಳು. ಆ ಒಂದು ನಿಮಿಷದಲ್ಲಿ ನನಗೆ ನೆನಪಾದದ್ದು ಹುರುಳಿಕಾಳು.

ಹುರುಳಿಗೆ ಬರುವ ಮೊದಲು ಕಾಲಿನ ಕಥೆ ಹೇಳಬೇಕು. ಚಿಕ್ಕಂದಿನಿಂದಲೂ ನನ್ನ ಬಲಗಾಲು ನನ್ನ ಮಾತು ಕೇಳಿದ್ದಿಲ್ಲ. ಹಾಸನದ ಮನೆಯಲ್ಲಿ ಊಟಕ್ಕೆ ಕೂತರೆ ಪಂಕ್ತಿಯೇ ನಡುಗುತ್ತಿತ್ತು. "ಕಾಲು ಅಲ್ಲಾಡಿಸ್ಬೇಡ್ವೋ, ಮನೆಗೆ ದರಿದ್ರ ಸುತ್ಕೊಳುತ್ತೆ" ಎಂದು ಅಮ್ಮ ಕೈಯಲ್ಲಿ ಏನಿರುತ್ತದೋ ಅದರಲ್ಲಿ ಮಂಡಿಗೆ ಒಂದು ಕೊಡುತ್ತಿದ್ದಳು. ಒಮ್ಮೆ ಬಿಸಿ ಸೌಟು, ಒಮ್ಮೆ ನುಗ್ಗೇಕಾಯಿ. ಮೇಷ್ಟರು ಇವನ ಕಾಲಲ್ಲಿ ಚಕ್ರ ಇದೆ ಎಂದರು. ಚಕ್ರ ಇದ್ದದ್ದಕ್ಕೋ ಏನೋ ಅಮೆರಿಕದ ಸನ್ನಿವೇಲಿನವರೆಗೂ ಉರುಳಿಕೊಂಡು ಬಂದೆ. ಇಲ್ಲಿ ಆಫೀಸಿನ ಮೇಜುಗಳಿಗೆ ಮೂರು ಕಡೆ ಮರದ ಮರೆ ಇರುತ್ತಿತ್ತು. ಅಮೆರಿಕ ಎಷ್ಟು ಸುಸಂಸ್ಕೃತ ದೇಶ ಎಂದು ನನಗೆ ಮೊದಲು ಅನ್ನಿಸಿದ್ದೇ ಆ ಮೇಜು ನೋಡಿ.

ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಅಪಾರ್ಟ್‌ಮೆಂಟಿನ ಎದುರು ಏಪ್ರಿಕಾಟ್ ತೋಟ ಇನ್ನೂ ಅರ್ಧ ಉಳಿದಿತ್ತು, ಉಳಿದರ್ಧದಲ್ಲಿ ಚಿಪ್ ಮಾಡುವ ಕಂಪನಿಯೊಂದು ಎದ್ದಿತ್ತು. ನಾನು ಅಂಥದ್ದೇ ಇನ್ನೊಂದರಲ್ಲಿ ಎಂಜಿನಿಯರು. ಹೆಂಡತಿ ವನಜ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಮಗಳು ಸಿಂಧುವಿಗೆ ಐದು ವರ್ಷ.

ಸಿಂಧುವಿಗೆ ಅಂಗಿಯ ಕತ್ತಿನ ಲೇಬಲ್ಲು ಆಗುತ್ತಿರಲಿಲ್ಲ, ಕಾಲುಚೀಲದ ಹೊಲಿಗೆ ಆಗುತ್ತಿರಲಿಲ್ಲ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿ ಬಾತ್‌ರೂಮಿಗೆ ಓಡುತ್ತಿದ್ದಳು. ಒದ್ದೆಯಾದದ್ದು, ಅಂಟುವುದು ಯಾವುದನ್ನೂ ಮುಟ್ಟಳು. ಮೊಸರನ್ನ ಕಲಸಿದ ಕೈ ಹತ್ತಿರ ಬಂದರೆ ಕಿರುಚಾಟ. ಎಣ್ಣೆನೀರಿನ ದಿನವಂತೂ ಪಕ್ಕದ ಮನೆಯವರು ಪೊಲೀಸಿಗೆ ಫೋನ್ ಮಾಡದಿದ್ದದ್ದು ನಮ್ಮ ಪುಣ್ಯ. ಅದೇ ಹುಡುಗಿ ಸೋಫಾದಿಂದ ಹಾರಿ ಗೋಡೆಗೆ ಡಿಕ್ಕಿ ಹೊಡೆದು ನಗುತ್ತಿದ್ದಳು. ಗಿರಗಿರ ಸುತ್ತಿದರೆ ನೋಡುವ ನಮಗೆ ತಲೆ ತಿರುಗಬೇಕು, ಅವಳಿಗಲ್ಲ. ಒಂದು ಕಡೆ ಕೂರುವುದಂತೂ ಇಲ್ಲವೇ ಇಲ್ಲ.

ಇದೆಲ್ಲ ಹಟ, ದೊಡ್ಡವಳಾದರೆ ಸರಿಹೋಗುತ್ತದೆ ಎಂದುಕೊಂಡಿದ್ದೆವು. ಆ ವಸಂತದಲ್ಲಿ ಶಾಲೆಯಿಂದ ಕರೆ ಬಂತು. ಸೆಪ್ಟೆಂಬರಿನಲ್ಲಿ ಕಿಂಡರ್‌ಗಾರ್ಟನ್ ಶುರು. ಕಥೆ ಹೇಳುವ ಹೊತ್ತಿನಲ್ಲಿ ಎಲ್ಲ ಮಕ್ಕಳ ಜೊತೆ ರತ್ನಗಂಬಳಿಯ ಮೇಲೆ ಕೂರಲಾಗದಿದ್ದರೆ ಸಿಂಧುವನ್ನು ಬೇರೆ ಶಾಲೆಯ ಬೇರೆ ಕ್ಲಾಸಿಗೆ ಕಳಿಸಬೇಕಾಗುತ್ತದೆ ಎಂದು ಅಲ್ಲಿನ ಹೆಂಗಸು ಹೇಳಿದಳು. "ಅದೇನೂ ಕೆಟ್ಟ ಕ್ಲಾಸಲ್ಲ" ಎಂದು ಎರಡು ಸಲ ಹೇಳಿದಳು. ಎರಡು ಸಲ ಹೇಳಿದ್ದರಿಂದಲೇ ನನಗೆ ಭಯವಾಯಿತು. ಕೆಲಸಕ್ಕೆ ಸೇರಿದ ದಿನವೂ ಅಷ್ಟು ಭಯಪಟ್ಟಿರಲಿಲ್ಲ.

ಯಾರೋ ಎಮರಿವಿಲ್ಲಿನ ಒಂದು ಕ್ಲಿನಿಕ್ಕಿನ ಹೆಸರು ಕೊಟ್ಟರು. ಪ್ರತಿ ಶನಿವಾರ ಕೊಲ್ಲಿಯ ಆಚೆ ದಡಕ್ಕೆ ಹೋಗಬೇಕು. ಓಕ್‌ಲ್ಯಾಂಡಿನ ಹತ್ತಿರ ಆಗ ಎರಡಂತಸ್ತಿನ ಫ್ರೀವೇ ಇತ್ತು, ಈಗ ಅದಿಲ್ಲ. ಕೆಳಗಿನ ಅಂತಸ್ತಿನಲ್ಲಿ ಹೋಗುವಷ್ಟು ಹೊತ್ತೂ ಸಿಂಧು ಕಿವಿ ಮುಚ್ಚಿ "ಟೂ ಲೌಡ್, ಟೂ ಲೌಡ್" ಎನ್ನುತ್ತಿದ್ದಳು. ಬಯಲಿಗೆ ಬಂದರೆ ಎಡಗಡೆ ಕೊಲ್ಲಿಯ ಕೆಸರು. ಆ ಕೆಸರಿನಲ್ಲಿ ಯಾರು ಯಾರೋ ತೇಲಿಬಂದ ಮರದ ತುಂಡುಗಳಿಂದ ಕುದುರೆ, ವಿಮಾನ, ತಲೆಯಿಲ್ಲದ ಮನುಷ್ಯರನ್ನು ಮಾಡಿ ನಿಲ್ಲಿಸಿದ್ದರು. ಕೈ ಇಳಿಸಿ ಅವನ್ನು ಎಣಿಸುತ್ತಿದ್ದಳು. ಆ ಎಣಿಕೆಯಷ್ಟು ಹೊತ್ತು ಮಾತ್ರ ಕಾರಿನಲ್ಲಿ ಶಾಂತಿ.

ಕ್ಲಿನಿಕ್ಕು ಹಳೆಯ ಕಾರ್ಖಾನೆಯೊಂದರ ಮೂಲೆಯಲ್ಲಿತ್ತು. ಅಲ್ಲಿನ ಥೆರಪಿಸ್ಟು ಕ್ಯಾರಲ್, ಐವತ್ತರ ಆಸುಪಾಸಿನ ದಪ್ಪ ತೋಳಿನ ಹೆಂಗಸು, ಸದಾ ಬರಿಗಾಲು. ಅವಳು ಹೇಳಿದ್ದೆಲ್ಲ ಇಂಗ್ಲಿಷಿನಲ್ಲೇ, ನನ್ನ ನೆನಪು ಮಾತ್ರ ಅದನ್ನು ಯಾವಾಗಲೋ ಕನ್ನಡ ಮಾಡಿಕೊಂಡುಬಿಟ್ಟಿದೆ. ತೊಲೆಗಳಿಂದ ಉಯ್ಯಾಲೆ ಇಳಿಬಿಟ್ಟಿದ್ದವು, ಮೂಲೆಯಲ್ಲಿ ಹೊಟ್ಟೆಯ ಮೇಲೆ ಮಲಗಿ ತಳ್ಳಿಕೊಂಡು ಹೋಗುವ ಚಕ್ರದ ಹಲಗೆಗಳು. ಜಾತ್ರೆಗೆ ಬಂದೆವೋ ಆಸ್ಪತ್ರೆಗೋ ಎಂದು ನನಗೆ ಅನುಮಾನ. "ಆಕ್ಯುಪೇಷನಲ್ ಥೆರಪಿ ಅಂದ್ರೆ ಉದ್ಯೋಗ ಕಲಿಸೋದಾ?" ಎಂದು ಕೇಳಿದೆ. "ಮಗುವಿನ ಉದ್ಯೋಗ ಆಟ" ಎಂದಳು. ಎಂಜಿನಿಯರ ತಲೆಗೆ ಅದು ಇಳಿಯಲಿಲ್ಲ.

ಮೊದಲ ದಿನವೇ ಒಂದು ಪೇಚು. ದೊಡ್ಡ ತೊಟ್ಟಿಯ ತುಂಬ ಒಣ ಅಕ್ಕಿ ಸುರಿದು, ಸಿಂಧುವನ್ನು ಬರಿಗಾಲಲ್ಲಿ ಅದರೊಳಗೆ ಇಳಿ ಎಂದಳು ಕ್ಯಾರಲ್. ವನಜ ನನ್ನ ತೋಳು ಹಿಡಿದಳು. "ಅಕ್ಕೀಲಿ ಕಾಲಿಡೋದೇನ್ರೀ? ಮದ್ವೆ ದಿನ ಹೊಸಿಲಲ್ಲಿ ಸೇರು ಒದ್ದಿದ್ದಷ್ಟೇ, ಆಮೇಲೆ ಅಕ್ಕಿಗೆ ಕಾಲು ತಾಗ್ಸಿಲ್ಲ ನಾನು." ಸಿಂಧು ಇಳಿದಳು, ಹತ್ತಿದಳು, ಮತ್ತೆ ಇಳಿದಳು. ಕೊನೆಗೆ ವನಜ ತಡೆಯಲಾರದೆ ತೊಟ್ಟಿಯ ಅಂಚು ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡಳು. ಕ್ಯಾರಲ್ ಅದನ್ನು ಗಮನವಿಟ್ಟು ನೋಡಿ, ತಾನೂ ತೊಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡು, "ಒಳ್ಳೆಯ ಒತ್ತಡ. ಇದು ನಿಮ್ಮಲ್ಲಿ ಎಲ್ಲ ಮಕ್ಕಳಿಗೂ ಮಾಡ್ತೀರಾ?" ಎಂದು ಕೇಳಿದಳು. ವನಜ ವಿವರಿಸಿದ ಮೇಲೂ ಬಿಡಲಿಲ್ಲ. ಪ್ರತಿ ಶನಿವಾರ ಪಾಠ ಮುಗಿದ ಮೇಲೆ ಮೂವರೂ ಹೆಂಗಸರು ಅಕ್ಕಿಗೆ ನಮಸ್ಕಾರ ಮಾಡುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ.

ಕ್ಯಾರಲ್ ನಮಗೆ ಹೇಳಿಕೊಟ್ಟದ್ದರಲ್ಲಿ ಮುಖ್ಯವಾದದ್ದು ಇದು: "ಹಗುರವಾಗಿ ಸವರಬೇಡಿ, ಅವಳಿಗೆ ಅದು ಇರುವೆ ಹರಿದ ಹಾಗೆ. ಗಟ್ಟಿಯಾಗಿ ಒತ್ತಿ, ಹತ್ತು ಎಣಿಸಿ. ಆದರೆ ಮುಟ್ಟುವ ಮೊದಲು ಕೇಳಿ." ಕೇಳುವುದೇ? ನಮ್ಮಲ್ಲಿ ಮಗು ಊರಿಗೆಲ್ಲ ಸೇರಿದ್ದು, ಬಸ್ಸಿನಲ್ಲಿ ಪಕ್ಕ ಕೂತವರೂ ಕೆನ್ನೆ ಚಿವುಟಿ ಮುತ್ತು ಕೊಡುತ್ತಾರೆ. ಮುಟ್ಟಲಾ ಎಂದು ಮಗುವನ್ನು ಕೇಳಿದವರನ್ನು ನಾನು ಕಂಡಿಲ್ಲ. ವನಜ ಮಾತ್ರ ಅಂದಿನಿಂದಲೇ ಕಲಿತಳು. "ಒತ್ತಲಾ ಪುಟ್ಟಿ?" ಎಂದು ಕೇಳಿ, ಸಿಂಧು ತಲೆಯಾಡಿಸಿದ ಮೇಲೆ ಎರಡು ಭುಜ ಹಿಡಿದು ಒತ್ತುತ್ತಾ ಒಂದರಿಂದ ಹತ್ತು ಎಣಿಸುತ್ತಿದ್ದಳು. ನಾನೂ ಕೇಳುತ್ತಿದ್ದೆ. ಉತ್ತರ ಬರುವುದರೊಳಗೆ ಒತ್ತಿಯೂಬಿಡುತ್ತಿದ್ದೆ. ಕಾಯುವ ಅಭ್ಯಾಸ ಹುಟ್ಟಿನಿಂದಲೇ ಇಲ್ಲ.

ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಕಾಫಿ ಬಿಸಿ ಮಾಡಿಕೊಂಡು ಬಂದಿದ್ದೇನೆ. ನೀವು ಓದುತ್ತಾ ಒಂದೇ ಕಡೆ ಕೂತಿದ್ದರೆ ನಿಮಗೊಂದು ನಮಸ್ಕಾರ.

ಒಂದು ಶನಿವಾರ ಕಾಯುವ ಕೋಣೆಗೆ ಬಂದ ಕ್ಯಾರಲ್ ನನ್ನ ಕಾಲನ್ನೇ ನೋಡುತ್ತಾ ನಿಂತಳು. "ಸಿಂಧು ಯಾರ ಮಗಳು ಅಂತ ಯಾರೂ ಹೇಳಬೇಕಾಗಿಲ್ಲ" ಎಂದಳು, ನಗುತ್ತಲೇ. ನನಗೆ ಮೈಯೆಲ್ಲ ಉರಿಯಿತು. ನನಗೆ ಏನೂ ತೊಂದರೆಯಿಲ್ಲ, ನಾನು ಎಂಜಿನಿಯರು ಎಂದೆ. ಅದು ಉತ್ತರವೇ ಅಲ್ಲ ಎಂದು ಹೇಳುವಾಗಲೇ ಗೊತ್ತಿತ್ತು. ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡೆ.

ಊರವರಿಗೆ ನಾವು ಹೇಳಿದ್ದು ಬೇರೆ. ಅಂದರೆ ನಾನು ಹೇಳಿದ್ದು. ಶನಿವಾರ ಎಲ್ಲಿ ಹೋಗ್ತೀರಿ ಎಂದು ಕನ್ನಡದ ಗೆಳೆಯರು ಕೇಳಿದರೆ "ಮಗಳ ಸ್ವಿಮ್ಮಿಂಗ್ ಕ್ಲಾಸು" ಎನ್ನುತ್ತಿದ್ದೆ. ಥೆರಪಿ ಅಂದರೆ ತಲೆ ಕೆಟ್ಟಿದೆ ಎಂದೇ ಅರ್ಥ ಮಾಡಿಕೊಳ್ಳುವ ಕಾಲ. ವನಜ ಮುಖ ತಿರುಗಿಸುತ್ತಿದ್ದಳು. ಮೌಂಟನ್ ವ್ಯೂನಲ್ಲಿದ್ದ ನನ್ನ ಗೆಳೆಯ ಶ್ರೀಕಂಠನ ಹೆಂಡತಿ ಪದ್ಮ, "ನಮ್ಮ ಹುಡುಗನಿಗೂ ಒಂಚೂರು ಸಿಂಧು ಹತ್ರ ಹೇಳಿಸ್ಕೊಡಿ" ಎಂದು ಗಂಟು ಬಿದ್ದಿದ್ದಳು. ಸಿಂಧುವಿಗೆ ಇಂದಿಗೂ ಈಜು ಬರುವುದಿಲ್ಲ.

ಜುಲೈನಲ್ಲಿ ಕ್ಯಾರಲ್ ಒಂದು ಉಪಾಯ ಹೇಳಿದಳು. ತೋಳಿಲ್ಲದ ಜಾಕೀಟಿನ ಜೇಬುಗಳಲ್ಲಿ ಮರಳೋ ಕಾಳೋ ತುಂಬಿ ಕೂರುವ ಹೊತ್ತಿಗೆ ತೊಡಿಸಿ, ಭಾರ ಅವಳನ್ನು ನೆಲೆಗೆ ನಿಲ್ಲಿಸುತ್ತದೆ. ಅಂತೂ ನನಗೊಂದು ಕೆಲಸ ಸಿಕ್ಕಿತು! ಕಾಗದದ ಮೇಲೆ ನಕ್ಷೆ ಹಾಕಿದೆ. ಭಾರ ಸಮವಾಗಿ ಹಂಚಬೇಕೆಂದು ಹದಿನಾರು ಜೇಬು. ನನ್ನ ಹಳೆಯ ಡೆನಿಮ್ ಪ್ಯಾಂಟು ಕತ್ತರಿಸಿ, ವನಜಳ ಹೊಲಿಗೆ ಮಿಷನ್ನಿನ ಎರಡು ಸೂಜಿ ಮುರಿದು, ಮೂರನೆಯದರಲ್ಲಿ ಮುಗಿಸಿದೆ. ತುಂಬುವುದೇನು? ತೊಗರಿಬೇಳೆಗೆ ಬರ್ಕ್ಲಿಯವರೆಗೆ ಹೋಗಬೇಕಿದ್ದ ಕಾಲ, ವನಜ ಡಬ್ಬ ಮುಟ್ಟಗೊಡಲಿಲ್ಲ. ಅಮ್ಮ ಯಾರದೋ ಕೈಲಿ ಕಳಿಸಿದ್ದ ಹುರುಳಿಕಾಳು ಎರಡು ವರ್ಷದಿಂದ ಬೀರುವಿನಲ್ಲಿತ್ತು. "ನಮ್ ಬೆಂಗ್ಳೂರಲ್ಲಿ ಅದನ್ನ ಕುದುರೆಗೆ ಹಾಕ್ತಾರೆ, ಧಾರಾಳವಾಗಿ ತಗೊಳ್ಳಿ" ಎಂದಳು. ಹಾಸನದವನ ಮನಸ್ಸು ಚುರ್ ಎಂದಿತು. ಆದರೂ ತುಂಬಿದೆ.

ನಂಬುತ್ತೀರೋ ಇಲ್ಲವೋ, ಅದು ಕೆಲಸ ಮಾಡಿತು. ಸಿಂಧು ಅದಕ್ಕೆ "ಮೈ ಹೆವಿ" ಎಂದು ಹೆಸರಿಟ್ಟಳು. ಅದನ್ನು ಹಾಕಿಕೊಂಡು ಮೊದಲ ಸಲ ಒಂದು ಊಟ ಪೂರ್ತಿ ಕುರ್ಚಿಯಲ್ಲಿ ಕೂತಳು. ವನಜ ಅನ್ನ ಬಡಿಸುತ್ತಾ ಕಣ್ಣು ಒರೆಸಿಕೊಂಡಳು. ನನಗೋ ಕೊಂಬು ಬಂತು.

ಆಗಸ್ಟಿನಲ್ಲಿ ಶ್ರೀಕಂಠನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಸೆಪ್ಟೆಂಬರಿನ ರತ್ನಗಂಬಳಿಗೆ ಇದೇ ಪೂರ್ವಪರೀಕ್ಷೆಯಾಗಲಿ, ಅಲ್ಲೂ ಎಲ್ಲ ಕಾರ್ಪೆಟ್ಟಿನ ಮೇಲೆ ತಾನೇ ಕೂರುವುದು ಎಂದು ನಾನು ಲೆಕ್ಕ ಹಾಕಿದೆ. "ಜನ ಜಾಸ್ತಿ, ಗಂಟೆ, ಶಂಖ. ಬೇಡ ಕಣ್ರೀ" ಎಂದಳು ವನಜ. ನಾನು ಕೇಳಲಿಲ್ಲ. ರೇಷ್ಮೆ ಲಂಗದ ಮೇಲೆ ಹೆವಿ ಹಾಕಿಕೊಂಡು ಸಿಂಧು ಹೊರಟಳು. ಶ್ರೀಕಂಠನ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗಿನ ಜನರನ್ನು ನೋಡಿದೆ. ಇಪ್ಪತ್ತು ಸಂಸಾರ. ಇದೇನ್ರೀ ಮಗೂಗೆ ಎಂದು ಎಲ್ಲರೂ ಕೇಳುತ್ತಾರೆ. ಬಗ್ಗಿ, "ಒಳಗೆ ಇದು ಬೇಡ ಪುಟ್ಟಿ, ಎಲ್ರೂ ನೋಡ್ತಾರೆ" ಎಂದು ಜಾಕೀಟನ್ನು ಬಿಚ್ಚಿ ಚಪ್ಪಲಿಗಳ ಹಿಂದೆ ಇಟ್ಟೆ. ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಒಳಗೆ ಎಳೆದುಕೊಂಡು ಹೋಗಿಯಾಗಿತ್ತು.

ಕಥೆಯ ಎರಡನೇ ಅಧ್ಯಾಯದವರೆಗೆ ತಡೆದಳು. ಬಂದವರೆಲ್ಲ ಕೆನ್ನೆ ಚಿವುಟಿದರು. ಲಂಗದ ಜರಿ ಕೆರೆಯುತ್ತಿತ್ತು. ಅಧ್ಯಾಯ ಮುಗಿದು ಮಂಗಳಾರತಿಗೆ ಗಂಟೆ ಶುರುವಾದದ್ದೇ ಎದ್ದು ಓಡಲು ನೋಡಿದಳು, ನಾನು ತೊಡೆಯ ಮೇಲೆ ಕೂರಿಸಿಕೊಂಡು ಬಿಗಿಯಾಗಿ ಹಿಡಿದೆ. "ಲೆಟ್ ಗೋ, ಅಪ್ಪ" ಎಂದಳು. ಇನ್ನಷ್ಟು ಬಿಗಿಹಿಡಿದೆ. ಮಣಿಕಟ್ಟು ಕಚ್ಚಿದಳು. ನಾನು ಹೊಡೆದೆ. ಕೆನ್ನೆಗೆ, ಎಲ್ಲರೆದುರು.

ಗಂಟೆಯೂ ನಿಂತಿತು. "ಮಗು ಕಣ್ರೀ, ಬಿಡಿ" ಎಂದಳು ಪದ್ಮ. "ಮುದ್ದು ಜಾಸ್ತಿಯಾಗಿದೆ ಇವ್ಳಿಗೆ" ಎಂದೆ. ಇಷ್ಟು ವರ್ಷವಾದರೂ ಆ ಮಾತು ನೆನೆದರೆ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ. ಸಿಂಧು ಅಳಲಿಲ್ಲ. ಕಾರಿನಲ್ಲಿ ಕಿಟಕಿ ನೋಡುತ್ತಾ ಹೇಳಿದ್ದು ಒಂದೇ ಮಾತು: "ಯು ಟುಕ್ ಮೈ ಹೆವಿ ಆಫ್." ಮನೆಗೆ ಬಂದವಳೇ ಬಾತ್‌ಟಬ್ಬಿನಲ್ಲಿ ನೀರು ತುಂಬಿಸಿ, ಚಪ್ಪಲಿಗಳ ಹಿಂದಿನಿಂದ ತಾನೇ ಎತ್ತಿಕೊಂಡು ಬಂದಿದ್ದ ಜಾಕೀಟನ್ನು ಮುಳುಗಿಸಿದಳು. ನಾವು ಯಾರೂ ತಡೆಯಲಿಲ್ಲ. "ನಾಚ್ಕೆ ಆಗಿದ್ದು ಯಾರಿಗೆ? ಅವಳಿಗಾ, ನಿಮಗಾ?" ಎಂದು ಕೇಳಿ ವನಜ ರೂಮಿಗೆ ಹೋದಳು. ಮರುದಿನ ಬೆಳಿಗ್ಗೆ ನಾನೇ ಅದನ್ನು ಹಿಂಡಿ, ಎಲ್ಲಿಡುವುದೆಂದು ತೋಚದೆ ಬಿಸಿನೀರಿನ ಟ್ಯಾಂಕಿರುವ ಗೂಡಿನೊಳಗೆ ತುರುಕಿದೆ.

ಆಮೇಲಿನ ಮೂರು ದಿನ ಸಿಂಧು ನನ್ನ ಹತ್ತಿರ ಸುಳಿಯಲಿಲ್ಲ. ಒತ್ತಲಾ ಎಂದರೆ ಗೋಡೆಗೆ ಅಂಟಿಕೊಳ್ಳುತ್ತಿದ್ದಳು. ಶಾಲೆಗೆ ಎರಡೇ ವಾರ ಉಳಿದಿತ್ತು. ಆದರೆ ನಿಜ ಹೇಳಬೇಕೆಂದರೆ ಆ ಮೂರು ದಿನ ನನಗೆ ಶಾಲೆಯ ನೆನಪಿರಲಿಲ್ಲ. ಇವಳು ಇನ್ನು ಯಾವತ್ತೂ ನನ್ನನ್ನು ನಂಬದಿದ್ದರೆ ಏನು ಮಾಡಲಿ ಎಂಬುದೊಂದೇ. ಆಫೀಸಿನ ಮೇಜಿನ ಮರೆಯಲ್ಲಿ ಕಾಲು ದಿನವಿಡೀ ಕುಣಿಯಿತು.

ನಾಲ್ಕನೆಯ ದಿನ ಸಂಜೆ ಮನೆಯೊಳಗೆ ಒಂದು ವಾಸನೆ. ಹಸಿ ಮಣ್ಣು, ಹುಳಿ, ನಮ್ಮ ಹಾಸನದ ಅಡುಗೆಮನೆ, ಎಲ್ಲ ಸೇರಿದಂತಿತ್ತು. ಗೂಡು ತೆರೆದರೆ ಜಾಕೀಟು ಊದಿಕೊಂಡು ಕೂತಿದೆ. ನನ್ನ ಹದಿನಾರು ಜೇಬುಗಳ ಹೊಲಿಗೆಯಿಂದಲೂ ಬೆಳ್ಳಗೆ ಮೊಳಕೆ ಇಣುಕುತ್ತಿತ್ತು. ಹುರುಳಿಯನ್ನು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಬೆಚ್ಚಗಿನ ಜಾಗದಲ್ಲಿಟ್ಟರೆ ಇನ್ನೇನಾಗುತ್ತದೆ? ಅಮ್ಮ ವಾರಕ್ಕೊಮ್ಮೆ ಮಾಡುತ್ತಿದ್ದದ್ದೇ ಅದು. ಎಂಜಿನಿಯರಿಗೆ ಹೊಳೆದಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಅದನ್ನು ಹರವಿಕೊಂಡು ಕೂತೆ. ಬಾಯಲ್ಲಿ ನೀರೂರಿದ್ದನ್ನು ಯಾಕೆ ಮುಚ್ಚಿಡಲಿ. ವನಜ ಬಗ್ಗಿ ನೋಡಿ, "ಟಬ್ಬಿನ ಸೋಪಿನ ನೀರು, ಸಾರಿನ ಆಸೆ ಬಿಡಿ" ಎಂದಳು.

ಬಾಗಿಲ ಹತ್ತಿರ ಸಿಂಧು ನಿಂತಿದ್ದಳು. "ಈಸ್ ಇಟ್ ಅಲೈವ್?" ಎಂದಳು.

"ಹ್ಞೂಂ, ಮೊಳಕೆ ಬಂದಿದೆ" ಎಂದೆ. ನನ್ನ ದನಿ ಯಾಕೋ ಸಣ್ಣದಾಗಿತ್ತು.

ಹತ್ತಿರ ಬಂದಳು. ಕೂತಳು. ಮೊಸರನ್ನ ಮುಟ್ಟದ ಹುಡುಗಿ ಒಂದು ಬೆರಳು ಚಾಚಿ ಒದ್ದೆ ಮೊಳಕೆಯನ್ನು ಮುಟ್ಟಿದಳು, ಕೈ ಹಿಂದೆಗೆದಳು, ಮತ್ತೆ ಮುಟ್ಟಿದಳು. ಆಮೇಲೆ ಹೊಲಿಗೆಯಿಂದ ಒಂದೊಂದೇ ಎಳೆದು ನೆಲದ ಮೇಲೆ ಸಾಲಾಗಿ ಇಡತೊಡಗಿದಳು. ನಾನು ಉಸಿರು ಬಿಗಿಹಿಡಿದು ಕೂತೆ. ಕಾಲಿಗೆ ಅಷ್ಟೆಲ್ಲ ತಿಳಿಯುತ್ತದೆಯೇ? ಮಹಡಿಯ ಮರದ ನೆಲ, ಮೊಳಕೆಯ ಸಾಲು ನಡುಗಿತು.

"ಅಪ್ಪ, ಯುವರ್ ಲೆಗ್ ಈಸ್ ಲೌಡ್" ಎಂದಳು. ಬೈಯಲಿಲ್ಲ, ಹೊಡೆಯಲಿಲ್ಲ. ಆ ಒದ್ದೆ ಜಾಕೀಟನ್ನು ಎರಡೂ ಕೈಯಲ್ಲಿ ಎತ್ತಿ, ಏದುಸಿರು ಬಿಡುತ್ತಾ, ನನ್ನ ತೊಡೆಯ ಮೇಲೆ ಇಟ್ಟಳು. ಕಾಲು ನಿಂತಿತು. ಅವಳು ಮತ್ತೆ ಮೊಳಕೆಗೆ ತಿರುಗಿದಳು.

ಸ್ವಲ್ಪ ಹೊತ್ತಿನ ಮೇಲೆ ಕೇಳಿದೆ: "ಸಿಂಧು, ಒತ್ತಲಾ?" ಕೇಳಿ, ಹುಟ್ಟಿದ ಮೇಲೆ ಮೊದಲ ಸಲ, ಕಾದೆ. ಅವಳು ನಾಲ್ಕು ಮೊಳಕೆ ಕಿತ್ತು ಸಾಲಿನಲ್ಲಿಟ್ಟಳು. ಐದನೆಯದು ಮುರಿಯಿತು, ಅದನ್ನು ಬೇರೆಯಾಗಿಟ್ಟಳು. "ಓಕೆ. ಬಟ್ ಹಾರ್ಡ್" ಎಂದಳು. ಒತ್ತಿದೆ. ಹತ್ತು ಎಣಿಸುವಾಗ ಏಳರ ಹತ್ತಿರ ನನಗೆ ಲೆಕ್ಕ ತಪ್ಪಿತು, ಎಂಟನ್ನು ಅವಳೇ ಎಣಿಸಿದಳು. ಮುಕ್ಕಾಲು ಗಂಟೆ ಆ ನೆಲದ ಮೇಲೆ ಇಬ್ಬರೂ ಕೂತಿದ್ದೆವು.

ಹೊಸ ಜಾಕೀಟಿಗೆ ಮರಳು ತುಂಬಿ ಎಂದಳು ಕ್ಯಾರಲ್. ಸಿಂಧು ಹುರುಳಿಯೇ ಬೇಕೆಂದಳು. ಈ ಸಲ ಕಾಳನ್ನು ಚೆನ್ನಾಗಿ ಹುರಿದು ತುಂಬಿದೆ, ಮತ್ತೆ ಮೊಳೆಯಬಾರದಲ್ಲ. ಸೆಪ್ಟೆಂಬರಿನ ಮೊದಲ ದಿನ ಶಾಲೆಯ ಕಿಟಕಿಯಾಚೆ ಪೊದೆಯ ಹಿಂದೆ ಕಳ್ಳನ ಹಾಗೆ ನಿಂತು ನೋಡಿದೆ. ರತ್ನಗಂಬಳಿಯ ಅಂಚಿನಲ್ಲಿ, ಪುಸ್ತಕದ ಕಪಾಟಿಗೆ ಬೆನ್ನು ಒತ್ತಿ, ಹೆವಿ ಹಾಕಿಕೊಂಡು ಕೂತಿದ್ದಳು. ಪಕ್ಕದ ಮಕ್ಕಳು ಹುರಿದ ಹುರುಳಿಯ ವಾಸನೆಗೆ ಮೂಗು ಅರಳಿಸುತ್ತಿದ್ದರು. ನಡುವೆ ಎರಡು ಸಲ ಎದ್ದಳು, ಎರಡು ಸಲವೂ ವಾಪಸು ಬಂದು ಕೂತಳು. ಅಷ್ಟು ಸಾಕಾಯಿತು, ಬೇರೆ ಶಾಲೆಯ ಮಾತು ಮತ್ತೆ ಬರಲಿಲ್ಲ. ಶ್ರೀಕಂಠ ಪದ್ಮರಿಗೆ ಮಾತ್ರ ನಾನು ನಿಜ ಹೇಳಲೇ ಇಲ್ಲ. ಅಷ್ಟು ಧೈರ್ಯ ಬರಲಿಲ್ಲ.

ಈಗ ಸಿಂಧುವಿಗೆ ನಲವತ್ತು ದಾಟಿದೆ. ಎಮರಿವಿಲ್ಲಿನಲ್ಲೇ ಕಾರ್ಟೂನ್ ಸಿನಿಮಾ ಮಾಡುವ ಸ್ಟುಡಿಯೋದಲ್ಲಿ ಚಿತ್ರ ಬರೆಯುತ್ತಾಳೆ, ಕುರ್ಚಿಯ ಬದಲು ದೊಡ್ಡ ರಬ್ಬರ್ ಚೆಂಡಿನ ಮೇಲೆ ಕೂತು. ತನ್ನ ಅಂಗಿಗಳ ಲೇಬಲ್ಲು ಈಗಲೂ ಕತ್ತರಿಸುತ್ತಾಳೆ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಮೊದಲಿನಿಂದಲೂ ಹಾಗೇ. ಮಂಗಳವಾರ ಅರ್ಧ ದಿನ ರಜೆ ಹಾಕಿ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಬಂದವಳು ಅವಳೇ.

ನನ್ನ ಒಂದು ನಿಮಿಷ ಮುಗಿಯಿತು. ಹುಡುಗಿ ಸೀಸದ ಹೊದಿಕೆಯನ್ನು ಕೊಕ್ಕೆಗೆ ಸಿಕ್ಕಿಸಿದಳು. ಡಾಕ್ಟರು ಚಿತ್ರ ನೋಡಿ, ಹಲ್ಲು ಕೀಳಲೇಬೇಕು ಎಂದು ಇಂಜೆಕ್ಷನ್ ತುಂಬತೊಡಗಿದರು. ಕಾಲು ಮತ್ತೆ ಶುರುವಾಯಿತು, ಈ ಸಲ ಕುರ್ಚಿಯೇ ಕಿರುಗುಟ್ಟುವಷ್ಟು. "ಸರ್, ಸ್ವಲ್ಪ ಅಲ್ಲಾಡದೆ ಇರಬೇಕು" ಎಂದರು. ಚಿಕ್ಕಂದಿನಿಂದ ಎಲ್ಲರೂ ಹೇಳಿದ್ದೂ ಅದೇ. ಸಹಿಯ ಕಾಗದ ಹಿಡಿದು ಒಳಗೆ ಬಂದ ಸಿಂಧು ಬಾಗಿಲಲ್ಲೇ ನಿಂತು ನನ್ನ ಕಾಲನ್ನು ನೋಡಿದಳು. ಕಾಗದವನ್ನು ಮೇಜಿನ ಮೇಲಿಟ್ಟು ಹತ್ತಿರ ಬಂದಳು.

"ಅಪ್ಪ," ಎಂದಳು, "ಒತ್ತಲಾ?"

ಕೇಳಿ, ಸುಮ್ಮನೆ ನಿಂತಳು. ಡಾಕ್ಟರು ಸೂಜಿ ಹಿಡಿದು ನಿಂತಿದ್ದರು. ನನಗೇನೂ ಆಗಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಎಪ್ಪತ್ತು ವರ್ಷದ ಅಭ್ಯಾಸ. ಈ ಮಂಡಿಗೆ ಸೌಟು ಬಿದ್ದಿದೆ, ಮೇಷ್ಟರ ಸ್ಕೇಲು ಬಿದ್ದಿದೆ, ವನಜಳ ಕೈಯೂ ಬಿದ್ದಿದೆ. ಮುಟ್ಟುವ ಮೊದಲು ಕೇಳಿದವರು ಯಾರೂ ಇರಲಿಲ್ಲ. ಸಿಂಧು ಕಾಯುತ್ತಲೇ ಇದ್ದಳು.

"ಒತ್ತಮ್ಮ" ಎಂದೆ. "ಗಟ್ಟಿಯಾಗಿ."

ಎರಡೂ ಅಂಗೈಯನ್ನು ಮಂಡಿಯ ಮೇಲಿಟ್ಟು ಮೈಭಾರವೆಲ್ಲ ಹಾಕಿ ಒತ್ತಿದಳು. ಒಂದು, ಎರಡು, ಮೂರು ಎಂದು ಕನ್ನಡದಲ್ಲೇ ಎಣಿಸಿದಳು. ಹತ್ತಾಯಿತು. ಅವಳು ಕೈ ತೆಗೆಯಲಿಲ್ಲ, ನಾನೂ ಸಾಕು ಎನ್ನಲಿಲ್ಲ. ಡಾಕ್ಟರಿಗೆ ಬಾಯಿ ತೆರೆದೆ.